ಗಾಡಿಯ ಬೆನ್ನಿಗೊಂದು ಕನ್ನಡಿ

ನನ್ನ ಗಾಡಿಯ ಹಿಂಬಾಗಿಲ ನೆತ್ತಿಯಲ್ಲಿ ಒಂದು ಗುಂಡು ಕನ್ನಡಿ ಇದೆ. ಊಟದ ತಾಟಿಗಿಂತ ಚಿಕ್ಕದು, ಚಹಾದ ಬಸಿಗಿಂತ ದೊಡ್ಡದು. ಒಂದು ಕರಿಯ ಕಬ್ಬಿಣದ ತೋಳು ಅದನ್ನು ಹೊರಗೆ ಚಾಚಿ ಹಿಡಿದಿದೆ. ಕನ್ನಡಿಯ ಮುಖ ಆಕಾಶದ ಕಡೆಗೂ ಇಲ್ಲ, ರಸ್ತೆಯ ಕಡೆಗೂ ಇಲ್ಲ, ಕೆಳಗೆ ನೆಲದ ಕಡೆಗಿದೆ. ತಪ್ಪು ಮಾಡಿದ ಹುಡುಗಿ ತಲೆತಗ್ಗಿಸಿ ನಿಂತ ಹಾಗೆ ಕಾಣುತ್ತದೆ ಎಂದು ನನ್ನ ಹೆಂಡತಿ ಕಸ್ತೂರಿ ಹೇಳುತ್ತಾಳೆ. ಹುಕ್ಕೇರಿಯ ಪೆಟ್ರೋಲ್ ಪಂಪಿನವನು ಮೊದಲ ಸಲ ನೋಡಿದಾಗ, "ಏನ್ರಿ ಸರ, ಗಾಡಿಗೂ ಡಿಶ್ ಹಾಕಿಸೀರೇನ್ರಿ?" ಎಂದು ಕೇಳಿದ. ನಮ್ಮ ಕಾಲೇಜಿನ ಗುಮಾಸ್ತರು ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದೇನೆಂದು ತಿಳಿದು, ಜೊತೆಗೊಂದು ನಿಂಬೆಹಣ್ಣನ್ನೂ ಕಟ್ಟಲು ಸಲಹೆ ಕೊಟ್ಟರು.

ಕೇಳಿದವರಿಗೆಲ್ಲ ನಾನು ಕೊಡುವ ಉತ್ತರ ಒಂದೇ: ಗಾಡಿಯನ್ನು ಹಿಂದಕ್ಕೆ ತೆಗೆಯಲು ಅನುಕೂಲ. ಚಾಲಕ ತನ್ನ ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗಾಜಿನಾಚೆ ಈ ಗುಂಡು ಕನ್ನಡಿ ಕಾಣುತ್ತದೆ, ಅದರೊಳಗೆ ಗಾಡಿಯ ಬಂಪರೂ ಅದರ ಹಿಂದಿನ ಎರಡು ಮೊಳ ನೆಲವೂ ಕಾಣುತ್ತವೆ. ಇದು ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಉಳಿದರ್ಧವನ್ನು ಹುಕ್ಕೇರಿಯಲ್ಲಿ ಯಾರಿಗೂ ಹೇಳಿಲ್ಲ. ನಿಮಗೆ ಹೇಳಬಹುದು ಅನ್ನಿಸುತ್ತದೆ. ನನ್ನ ವಿದ್ಯಾರ್ಥಿಗಳು ನಿಮಗೆ ಪರಿಚಯವಿಲ್ಲವಲ್ಲ.

ಮುಂದಕ್ಕೆ ಹೋಗುವ ವಿದ್ಯೆ ನನಗೆ ತಕ್ಕಮಟ್ಟಿಗೆ ಒಲಿದಿದೆ. ನಲವತ್ತಾರನೆಯ ವಯಸ್ಸಿನಲ್ಲಿ ಮೂಡಲಗಿಯಲ್ಲಿ ಕಾರು ಕಲಿತೆ. ಕಲಿಸಿದವರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೆ ತಾಳ್ಮೆಯಲ್ಲಿ ನನ್ನ ತಂದೆಯ ಸಮಾನ. ಮುಂದಿನ ಗೇರುಗಳನ್ನೆಲ್ಲ ಕಲಿಸಿದರು. ಹಿಂದಿನ ಗೇರು ಹಾಕಿ ಎರಡು ದಿನ ಒಂದು ವಿದ್ಯುತ್ ಕಂಬದ ಸುತ್ತಮುತ್ತ ಹೆಣಗಾಡಿದ ಮೇಲೆ ಕೈಮುಗಿದರು. "ಸರ, ನಿಮಗ ಹಿಂದ ಹೋಗೂದರೆ ಯಾಕ ಬೇಕ್ರಿ? ಮುಂದ ಎಲ್ಲ್ಯರೆ ಸರ್ಕಲ್ ಸಿಕ್ಕ ಸಿಗತೈತಿ, ತಿರುವಿಕೊಂಡ ಬರ್ರಿ" ಎಂದರು. ಕಲಿಯಲು ಬಂದವನನ್ನು ನೋಯಿಸದೆ ಫೇಲು ಮಾಡುವ ಆ ಕಲೆ ಇಪ್ಪತ್ತು ವರ್ಷ ಮೇಷ್ಟರಿಕೆ ಮಾಡಿದ ನನಗೇ ಬಂದಿಲ್ಲ.

ನಮ್ಮ ಕಡೆ ಈ ವಿದ್ಯೆ ಬಾರದಿರುವುದು ಸಣ್ಣ ಅವಮಾನವಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅರಭಾವಿಯ ರಸ್ತೆಯಲ್ಲಿ ಒಮ್ಮೆ ನಿಂತು ನೋಡಬೇಕು. ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಎರಡರ ಮೇಲೂ ಮನೆಯೆತ್ತರದ ಕಬ್ಬು. ಚಾಲಕ ಸೀಟಿನಲ್ಲಿ ಅರ್ಧ ತಿರುಗಿ ಕುಳಿತು, ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು, ಇನ್ನೊಂದರಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ಆ ಇಡೀ ಮೆರವಣಿಗೆಯನ್ನು ಹಿಂದಕ್ಕೆ ನಡೆಸಿ, ಎರಡು ಗಾಡಿಗಳ ನಡುವಿನ ಸಂದಿಗೆ ಸೇರಿಸಿಬಿಡುತ್ತಾನೆ. ಮುಂದಿನ ಟ್ರೇಲರು ಎಡಕ್ಕೆ ಹೋದರೆ ಹಿಂದಿನದು ಬಲಕ್ಕೆ ಹೋಗುತ್ತದೆ. ಅದನ್ನು ಲೆಕ್ಕ ಹಾಕುವುದು ಹೇಗೆಂದು ಕಾಗದದ ಮೇಲೆ ಗೆರೆ ಎಳೆದು ನೋಡಿದ್ದೇನೆ, ತಿಳಿಯಲಿಲ್ಲ. ಇಂಥ ಚಾಲಕನಿಗೆ ನಮ್ಮೂರಿನಲ್ಲಿ ಸಿಗುವ ಮರ್ಯಾದೆ ಡಾಕ್ಟರೇಟ್ ಪಡೆದವನಿಗೆ ಸಿಗುವುದಿಲ್ಲ. ನನಗೆ ಧಾರವಾಡದಲ್ಲಿ ಡಾಕ್ಟರೇಟ್ ಸಿಕ್ಕಿದೆ. ಹಾಗಾಗಿ ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ.

ಕನ್ನಡಿಯೊಳಗೆ ಕನ್ನಡಿ ನೋಡುವ ಈ ಉಪಾಯ ಹೊಸದೇನಲ್ಲ. ಮೂಡಲಗಿಯ ಕ್ಷೌರದ ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಸಣ್ಣ ಕನ್ನಡಿಯೊಂದನ್ನು ನಮ್ಮ ತಲೆಯ ಹಿಂದೆ ಹಿಡಿಯುತ್ತಾರಲ್ಲ, ಅದೂ ಇದೇ. ಎದುರಿನ ಕನ್ನಡಿಯಲ್ಲಿ ಹಿಂದಿನ ಕನ್ನಡಿ, ಅದರಲ್ಲಿ ನಮ್ಮ ಹಿಂದಲೆ. ಅಲ್ಲಿ ಒಂದು ದಿನ ನುಣ್ಣಗಿನ ಬಟ್ಟಲಿನಂಥ ಬಕ್ಕತಲೆಯೊಂದು ಕಂಡು, ಇದು ಯಾರದಪ್ಪ ಎಂದು ಕನಿಕರಪಟ್ಟೆ. ಅದು ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಹಳ ದಿನ ನಾನು ಆ ಅಂಗಡಿಯಲ್ಲಿ, "ಹಿಂದ ತೋರಸೂದ ಬ್ಯಾಡ, ನಿನ್ನ ಮ್ಯಾಲ ನಂಬಿಗಿ ಐತಿ" ಎಂದು ಹೇಳಿ ಎದ್ದು ಬರುತ್ತಿದ್ದೆ.

ಹೇಳಲು ಹೊರಟಿದ್ದು ಬೇರೆ. ತುಕ್ಕಾನಟ್ಟಿಯಲ್ಲಿ ನಮ್ಮ ಮನೆ ಇರುವುದು ಒಂದು ಮುಚ್ಚುಸಂದಿಯ ಕೊನೆಯಲ್ಲಿ. ಸಂಜೆ ಮೂತಿ ಮುಂದಾಗಿ ಒಳಗೆ ಹೋದ ಗಾಡಿ ಬೆಳಿಗ್ಗೆ ಬೆನ್ನು ಮುಂದಾಗಿಯೇ ಹೊರಗೆ ಬರಬೇಕು, ತಿರುಗಿಸಲು ಜಾಗವಿಲ್ಲ. ಸಂದಿಯ ಬಾಯಲ್ಲಿ ದಸ್ತಗೀರಸಾಬರ ಮನೆ. ಅವರು ಗಾದಿ ಹೊಲಿಯುವವರು. ಮನೆಯ ಮುಂದಿನ ಕಟ್ಟೆಯ ಮೇಲೆ ಅರಳೆಯ ರಾಶಿಯ ನಡುವೆ ದಬ್ಬಣ ಹಿಡಿದು ಕುಳಿತಿರುತ್ತಾರೆ. ಕಟ್ಟೆಯ ಪಕ್ಕದಲ್ಲಿ ಆಡುಗಳಿಗೆ ನೀರು ಹಾಕುವ ಕಲ್ಲಿನ ದೋಣಿ, ಅವರ ಅಜ್ಜನ ಕಾಲದ್ದು. ನಾನು ಹಳೆಯ ಎಸ್‌ಯುವಿ ಒಂದನ್ನು ಕೊಂಡು ತಂದ ದಿನ ದಸ್ತಗೀರಸಾಬರು ಗಾಡಿಯನ್ನೊಮ್ಮೆ ಸಂದಿಯನ್ನೊಮ್ಮೆ ನೋಡಿ, "ಸರ, ಸಂದಿ ಅಗಲ ಮಾಡಸ್ತೀರೋ, ಗಾಡಿ ಸಣ್ಣದ ಮಾಡಸ್ತೀರೋ?" ಎಂದು ಕೇಳಿದ್ದರು.

ಎರಡೂ ಆಗಲಿಲ್ಲ. ಬದಲಿಗೆ ಭೀಮಪ್ಪ ಕಾಕಾ ಬಂದ.

ಕಾಕಾ ನನ್ನ ತಂದೆಯ ತಮ್ಮ, ಎಪ್ಪತ್ತು ದಾಟಿದವನು, ನಮ್ಮ ಮಗ್ಗುಲ ಮನೆಯಲ್ಲೇ ಮಗ ಲಕ್ಕಪ್ಪನ ಜೊತೆ ಇದ್ದಾನೆ. ಲಕ್ಕಪ್ಪ ಕಬ್ಬು ಬೆಳೆಯುತ್ತಾನೆ, ಕಾಕಾ ನಲವತ್ತು ಕುರಿ ಮೇಯಿಸುತ್ತಾನೆ. ನಮ್ಮದು ಕುರಿ ಕಾಯುವ ಮನೆತನ. ಪುಸ್ತಕ ಕಾಯಲು ಹೊರಟವನು ನಾನೊಬ್ಬನೇ. ಹುಲ್ಲಿನ ಮೇಲಿನ ಇಬ್ಬನಿ ಆರುವವರೆಗೆ ಕುರಿ ಹೊರಗೆ ಬಿಡುವುದಿಲ್ಲ, ತಿಂದರೆ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ನಾನು ಹುಕ್ಕೇರಿಗೆ ಹೊರಡುವ ಹೊತ್ತಿಗೆ ಕಾಕಾ ರುಮಾಲು ಸುತ್ತಿಕೊಂಡು, ಮಾಡಲು ಕೆಲಸವಿಲ್ಲದೆ ನಿಂತಿರುತ್ತಿದ್ದ. ಗಾಡಿ ಬಂದ ಮರುದಿನವೇ ಹಿಂದೆ ಹೋಗಿ ನಿಂತ. "ಬರ್ಲಿ… ಬರ್ಲಿ… ಬರ್ಲಿ ತಮ್ಮಾ…" ಎನ್ನುತ್ತ ನಡುನಡುವೆ ನಾಲಿಗೆಯಿಂದ ಟ್ರ್ರ್ ಎಂದು ಸದ್ದು ಮಾಡುತ್ತಿದ್ದ. ಅದು ಕುರಿಗಳಿಗೆ ಮಾಡುವ ಸದ್ದು. ನಿಲ್ಲಿಸಬೇಕಾದಾಗ ಅಂಗೈಯಿಂದ ಹಿಂಬಾಗಿಲಿಗೆ ಎರಡು ಏಟು ಹೊಡೆದು "ಸಾಕ್!" ಎಂದು ಕೂಗುತ್ತಿದ್ದ. ಆ ಗಾಡಿ ನನ್ನ ಕಾಲಿಗಿಂತ ಕಾಕಾನ ಬಾಯಿಗೇ ಹೆಚ್ಚು ಬಗ್ಗುತ್ತದೆ ಎಂದು ಕಸ್ತೂರಿ ನಗುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಸಂದಿಯ ಗೋಡೆಗಳಿಗೆ ಒಂದು ಗೀರೂ ಬೀಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ದೋಣಿ ಒಡೆಯಿತು.

ಧಡ್ ಎಂದು ಸದ್ದಾಯಿತು, ಗಾಡಿ ನಿಂತಿತು, ಇಳಿದು ಓಡಿದೆ. ಕಲ್ಲಿನ ದೋಣಿ ಉದ್ದಕ್ಕೆ ಬಿರುಕು ಬಿಟ್ಟು ನೀರು ಸಂದಿಯ ತುಂಬ ಹರಿಯುತ್ತಿತ್ತು. ಕಾಕಾನ ರುಮಾಲು ನೆಲದ ಮೇಲೆ ಬಿದ್ದಿತ್ತು, ಕಾಕಾ ಕಟ್ಟೆಗೆ ಆತು ನಿಂತಿದ್ದ. ಸದ್ದು ಕೇಳಿ ಲಕ್ಕಪ್ಪ ಬಂದ, ಕಸ್ತೂರಿ ಬಂದಳು, ಇನ್ನೂ ನಾಲ್ಕು ಜನ ಸೇರಿದರು. ಏನಾಯಿತು ಎಂದು ಎಲ್ಲರೂ ಕೇಳುವಾಗ ನಾನು ತಡವರಿಸದೆ, ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ: "ಕಾಕಾ ಬರ್ಲಿ ಅಂದ, ನಾ ಬಂದೆ."

ಸುಳ್ಳು ಹೇಳಿದೆನೆಂದು ತಿಳಿಯಬೇಡಿ. ನನ್ನ ಕಿವಿಯಲ್ಲಿ ಆ "ಬರ್ಲಿ" ಇನ್ನೂ ಮೊಳಗುತ್ತಿತ್ತು. ಕಾಕಾ ಬಗ್ಗಿ ರುಮಾಲು ಎತ್ತಿಕೊಂಡು, ಕೊಡವಿ, ಮತ್ತೆ ಸುತ್ತಿಕೊಂಡ.

ಮಾತನಾಡಿದವನು ಲಕ್ಕಪ್ಪ. "ನಾ ಮೊದಲಿಂದ ಹೇಳಾಕತ್ತೇನಿ, ಇವಗ ಕಣ್ಣ ಕಾಣಂಗಿಲ್ಲಂತ. ಇಷ್ಟ ದೊಡ್ಡ ಗಾಡಿ, ಇಷ್ಟ ದೊಡ್ಡ ದೋಣಿ ಕಾಣಲಿಲ್ಲಂದ್ರ, ನಾಳೆ ಕೆನಾಲ ಹೆಂಗ ಕಾಣತೈತಿ? ಕುರಿ ಸಂಗ್ತೀನ ಇವನೂ ನೀರಾಗ ಬಿದ್ರ?"

ವಾರ ಕಳೆಯುವುದರೊಳಗೆ ಕಾಕಾನ ಕುರಿಗಳು ಬೇರೆ ಕುರಿಗಾರನ ಹಿಂಡಿನ ಜೊತೆ ಮೇಯಲು ಹೋಗತೊಡಗಿದವು. ಎರಡು ತಿಂಗಳು ನೋಡಿ, ಚಳಿಗಾಲ ಮುಗಿದೊಡನೆ ಮೂಡಲಗಿಯ ಸಂತೆಯಲ್ಲಿ ಎಲ್ಲವನ್ನೂ ಮಾರಿಬಿಡುವುದೆಂದು ಲಕ್ಕಪ್ಪ ನಿರ್ಧರಿಸಿದ. ಅವನೇನು ಕಟುಕನಲ್ಲ. ಅಪ್ಪ ನೀರಿಗೆ ಬೀಳಬಾರದು ಎಂಬುದಷ್ಟೇ ಅವನ ಚಿಂತೆ, ಅದಕ್ಕೆ ಆಧಾರ ನನ್ನ ಮಾತು. ಕಾಕಾ ಮಾತ್ರ ಹಳೆಯ ಹೊತ್ತಿಗೇ ಎದ್ದು, ಹಳೆಯ ಹೊತ್ತಿಗೇ ರುಮಾಲು ಸುತ್ತಿಕೊಂಡು, ಕುರಿಗಳು ಬೇರೆಯವರ ಹಿಂದೆ ಹೋಗುವುದನ್ನು ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದ. ಕುರಿಗಳು ಅವನ ಮುಂದೆ ಬಂದಾಗ ನಿಂತುಬಿಡುತ್ತಿದ್ದವು. ಆ ಕುರಿಗಾರ ಬಡಿಗೆ ಎತ್ತಬೇಕಾಗುತ್ತಿತ್ತು. "ಹೊಡೀಬ್ಯಾಡೋ, ಹೊಕ್ಕಾವ" ಎಂದು ಕಾಕಾ ಹೇಳುತ್ತಿದ್ದ, ಮತ್ತು ಅವು ಹೋಗುತ್ತಿದ್ದವು.

ಉಳಿದ ಕೆಲಸ ಒಂದೇ. ಎಂಟು ಗಂಟೆಗೆ ನನ್ನ ಗಾಡಿಯ ಹಿಂದೆ ಬಂದು ನಿಲ್ಲುವುದು. ಬೇಡವೆಂದರೆ ಕೇಳಲಿಲ್ಲ. "ಅಷ್ಟರೆ ಮಾಡಾಕ ಬಿಡೋ" ಎಂದ. ಕಸ್ತೂರಿ ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು, "ನಿಮಗೂ ಹಿಂದ ಕಾಣಂಗಿಲ್ಲ, ಅವರಿಗೂ ಕಾಣಂಗಿಲ್ಲ. ಒಂದಿನ ಕಾಕಾರ ಮ್ಯಾಲ ಹಾಯಿಸಿ ಬರ್ತೀರಿ. ಏನರೆ ಮಾಡ್ರಿ" ಎಂದಳು. ಅವತ್ತಿಡೀ ನನಗೆ ಪಾಠ ಮಾಡಲಾಗಲಿಲ್ಲ.

ಗೋಕಾಕದಲ್ಲಿ ಗಾಡಿಗಳಿಗೆ ಸೀಟು ಹೊದಿಕೆ, ಹಾರ್ನು, ಬಣ್ಣದ ದೀಪ ಹಾಕುವ ಇಕ್ಬಾಲ್ ಎಂಬವರ ಅಂಗಡಿಗೆ ಹೋದೆ. ಕ್ಯಾಮೆರಾ ಹಾಕಿಸಿರಿ, ಈಗ ಎಲ್ಲರೂ ಅದನ್ನೇ ಹಾಕಿಸುತ್ತಾರೆ ಎಂದರು. ಕ್ಯಾಮೆರಾದ ಮೇಲೆ ನನಗೆ ನಂಬಿಕೆಯಿಲ್ಲ. ಪರದೆಯ ಮೇಲೆ ಕಾಣುವುದು ಈಗ ನಡೆಯುತ್ತಿರುವುದೋ ಅಥವಾ ಆಗಲೇ ನಡೆದದ್ದೋ ಎಂಬ ಸಂಶಯ ಹುಟ್ಟುತ್ತದೆ. ಇದನ್ನು ಹೇಳಿದಾಗ ಇಕ್ಬಾಲ್ ನನ್ನನ್ನು ಬಹಳ ಹೊತ್ತು ನೋಡಿದರು.

"ಸರ, ನೀವ ಕಾಲೇಜಿನ್ಯಾಗ ಇರೂದೇನ್ರಿ?"

"ಹೌದ್ರಿ. ಹೆಂಗ ಗೊತ್ತಾತು?"

"ಹಂಗ ಸುಮ್ಕ ಕೇಳಿದೆ" ಎಂದು ಒಳಗೆ ಹೋಗಿ, ಮೇಲಿನ ಅಟ್ಟದಿಂದ ಧೂಳು ಹಿಡಿದ ಡಬ್ಬಿಯೊಂದನ್ನು ಇಳಿಸಿದರು. "ಇದ ಹಳೀ ಕಾಲದ್ದು ನೋಡ್ರಿ. ಕರೆಂಟ ಬ್ಯಾಡ, ವಾಯರ ಬ್ಯಾಡ. ಕೆಸರ ಹತ್ತಿದ್ರ ಅರಿವೀಲೆ ಒರಸೂದು. ಇದರಾಗ ನಿಮಗ ಡೌಟ ಬರಂಗಿಲ್ಲ."

ಕಬ್ಬಿಣದ ತೋಳನ್ನು ಹಿಂಬಾಗಿಲ ನೆತ್ತಿಗೆ ಬಿಗಿದರು. ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಹಿಂದೆ ನಿಂತು ಕನ್ನಡಿಯನ್ನು ಕೂದಲೆಳೆಯಷ್ಟು ಇತ್ತ, ಕೂದಲೆಳೆಯಷ್ಟು ಅತ್ತ ತಿರುಗಿಸಿ, "ಕಾಣಸ್ತೈತೇನ್ರಿ? ಈಗ? ಈಗ?" ಎಂದು ಕೇಳಿದರು. ಹಿಂದೆ ನೆಲದ ಮೇಲೆ ಗೊಬ್ಬರದ ಖಾಲಿ ಚೀಲವೊಂದು ಬಿದ್ದಿತ್ತು. ಕನ್ನಡಿಯಲ್ಲಿ ಅಕ್ಷರ ತಿರುವುಮುರುವು ಕಾಣಬೇಕಲ್ಲವೇ? ಆ ಚೀಲದ ಮೇಲಿನ ಅಕ್ಷರಗಳು ನೆಟ್ಟಗೆ ಓದಲು ಬಂದವು. ಒಂದು ಕನ್ನಡಿ ತಿರುಗಿಸಿದ್ದನ್ನು ಇನ್ನೊಂದು ಕನ್ನಡಿ ಸರಿಮಾಡಿತ್ತು. ಸಾಕ್ಷಿಯನ್ನು ಇನ್ನೊಂದು ಸಾಕ್ಷಿಯೊಂದಿಗೆ ಒರೆಹಚ್ಚಬೇಕು ಎಂದು ಇತಿಹಾಸದ ಮೊದಲ ತರಗತಿಯಲ್ಲಿ ಪ್ರತಿ ವರ್ಷ ಹೇಳುವವನು ನಾನೇ. ಆ ಕ್ಷಣದಲ್ಲಿ ಅದು ನನಗೆ ಹೊಳೆಯಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಮರುದಿನ ಬೆಳಿಗ್ಗೆ ಎಂದಿನಂತೆ ಗಾಡಿ ಚಾಲು ಮಾಡಿದೆ. ಕಾಕಾ ಹಿಂದೆ ಹೋದ. ತಲೆಯ ಮೇಲಿನ ಕನ್ನಡಿಯಲ್ಲಿ ಕಣ್ಣಿಟ್ಟೆ. ಎರಡು ವರ್ಷ ಬರೀ ಧ್ವನಿಯಾಗಿದ್ದ ಕಾಕಾ ಮೊದಲ ಸಲ ಕಾಣಿಸಿದ.

ನಾನೆಣಿಸಿದಂತೆ ಅವನು ಗಾಡಿಯ ನಟ್ಟನಡುವೆ ನಿಂತಿರಲಿಲ್ಲ. ಒಂದು ಮೂಲೆಯಲ್ಲಿ, ಗೋಡೆಗೆ ಅಂಟಿಕೊಂಡು ನಿಂತಿದ್ದ. ಸಂದಿಯ ಕಡೆ ನೋಡುತ್ತಲೂ ಇರಲಿಲ್ಲ. ಮುಖ ಎತ್ತಲೋ ಇತ್ತು. ಬಲಗೈಯನ್ನು ಬಂಪರಿನ ಮೇಲೆ ಚಪ್ಪಟೆಯಾಗಿ ಇಟ್ಟಿದ್ದ. ಎಡಗಾಲಿನ ಹಿಮ್ಮಡಿ ಗೋಡೆಯ ಬುಡದ ಕಲ್ಲಿಗೆ ತಾಗಿತ್ತು. ಗಾಡಿ ಸರಿದ ಹಾಗೆ ಕೈ ಅದರ ಜೊತೆಗೇ ಬಂತು, ಹಿಮ್ಮಡಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಸರಿಯಿತು. "ಬರ್ಲಿ… ಬರ್ಲಿ…" ಕಲ್ಲಿನ ಮೇಲೆ ಕಲ್ಲು ದಾಟಿ, ಕೊನೆಗೆ ಹಿಮ್ಮಡಿ ದಸ್ತಗೀರಸಾಬರ ದೋಣಿಗೆ ತಾಗಿದ ಕೂಡಲೇ ಅಂಗೈ ಎರಡು ಸಲ ಬಡಿಯಿತು. "ಸಾಕ್!"

ಇಳಿದು ನೋಡಿದೆ. ಗಾಡಿಗೂ ಸಿಮೆಂಟು ಮೆತ್ತಿದ ದೋಣಿಗೂ ನಡುವೆ ಒಂದು ಗೇಣು ಅಂತರ. ಮರುದಿನ ನೋಡಿದೆ, ಅದೇ ಗೇಣು. ಮೂರನೆಯ ದಿನವೂ ಅದೇ.

"ಕಾಕಾ, ನೀ ನೋಡೂದ ಇಲ್ಲಲ್ಲೋ!" ಎಂದೆ.

"ನೋಡೂದೇನ ಐತಿ ಅದರಾಗ?" ಎಂದು ಕಾಕಾ ಕೈ ಒರೆಸಿಕೊಂಡ. "ಸಂಜಿಕ ದೊಡ್ಡಿ ಬಾಗಲದಾಗ ನಿಂತು ಕುರಿ ಒಳಗ ಬಿಡಬೇಕಾದ್ರ ಕಣ್ಣಲೆ ನೋಡಿ ಬಿಡ್ತಾರೇನ? ಬೆನ್ನ ಮ್ಯಾಲ ಕೈ ಇಟ್ಟರ ಗೊತ್ತಾಕ್ಕೈತಿ, ನಮ್ಮ ಕುರಿ ಯಾವದು, ಮಂದಿ ಕುರಿ ಯಾವದು, ಯಾವದಕ್ಕ ಜ್ವರ ಬಂದೈತಿ. ನಿನ್ನ ಗಾಡಿ ಒಂದ ದೊಡ್ಡ ಕುರಿ, ಅಷ್ಟ."

"ಹಂಗಾದ್ರ ಅವತ್ತ ಹೆಂಗ ತಪ್ಪಿತು?"

ಕಾಕಾ ರುಮಾಲು ಸರಿಮಾಡಿಕೊಂಡ. "ಆಗಿದ್ದ ಆತು, ಬಿಡೋ. ಹೊತ್ತಾತು ನಿನಗ."

ಹುಕ್ಕೇರಿಯವರೆಗೂ ಆ "ಬಿಡೋ" ನನ್ನ ಪಕ್ಕದ ಸೀಟಿನಲ್ಲಿ ಕುಳಿತು ಬಂತು.

ಇಲ್ಲಿ ನನ್ನ ನೆನಪಿನ ಬಗ್ಗೆ ಒಂದು ಮಾತು ಹೇಳಬೇಕು. ಚಿಕ್ಕವನಿದ್ದಾಗ ಗೋಕಾಕ ಜಲಪಾತ ನೋಡಲು ಹೋದದ್ದು ನನ್ನ ಮೊದಲ ನೆನಪುಗಳಲ್ಲೊಂದು. ತೂಗುಸೇತುವೆಯ ಮೇಲೆ ಅಪ್ಪನ ಕಿರುಬೆರಳು ಹಿಡಿದಿದ್ದೆ, ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿತ್ತು, ಹಲಗೆಯ ಸಂದಿನಿಂದ ತುಂತುರು ಬಂದು ಅಂಗಾಲು ತಣ್ಣಗಾಗಿತ್ತು, ಯಾರೋ ಕೊಟ್ಟ ಕರದಂಟಿನ ತುಂಡು ಬಾಯಲ್ಲಿತ್ತು. ಇದನ್ನು ನನ್ನ ಹೆಂಡತಿ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಒಮ್ಮೆ ಅಕ್ಕನ ಮುಂದೆಯೂ ಹೇಳಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನೀ ಎಲ್ಲಿ ಬಂದಿದ್ಯೋ ಸಿದ್ದೂ? ನಿನಗ ಜ್ವರ ಬಂದಿತ್ತು, ಅವ್ವನ ಕೂಡ ಮನ್ಯಾಗ ಇದ್ದಿ. ಹೋದಾಕಿ ನಾನು. ಬಂದ ನಿನಗ ಹೇಳಿದಾಕೀನೂ ನಾನ" ಎಂದಳು. ಕರದಂಟು? ಅದೂ ಅವಳದೇ, ಉಳಿದ ತುಂಡನ್ನು ನನಗೆ ತಂದುಕೊಟ್ಟಿದ್ದಳಂತೆ. ಅಂದರೆ ಬಾಯೊಳಗಿನ ಸಿಹಿಯಷ್ಟೇ ನನ್ನದು, ಸೇತುವೆ ಅಕ್ಕನದು. ಇಷ್ಟು ತಿಳಿದ ಮೇಲೂ ಆ ಹಲಗೆ ಇಂದಿಗೂ ನನ್ನ ಅಂಗಾಲಿನ ಕೆಳಗೆ ತೂಗುತ್ತದೆ. ನೆನಪಿಗೆ ನಾಚಿಕೆ ಎಂಬುದಿಲ್ಲ.

ಹಾಗಾದರೆ ಅವತ್ತಿನ "ಬರ್ಲಿ" ಯಾರದು?

ಕಾಲೇಜಿನಿಂದ ಬಂದವನೇ ದಸ್ತಗೀರಸಾಬರ ಕಟ್ಟೆಯ ಮೇಲೆ ಕುಳಿತೆ. ಅವರು ಗಾದಿಯ ಅಂಚು ಹೊಲಿಯುತ್ತಿದ್ದರು. ದೋಣಿ ಒಡೆದ ದಿನ ನೀವು ಇಲ್ಲೇ ಇದ್ದಿರಲ್ಲ, ಏನಾಯಿತು ಎಂದು ಕೇಳಿದೆ.

"ಈಗ ಯಾಕ ಸರ ಅದು? ದೋಣಿ ಸೋರಂಗಿಲ್ಲ ಈಗ, ಬಿಡ್ರಿ."

"ದೋಣಿ ಅಲ್ರಿ. ಕಾಕಾ ಏನ ಅಂದ ಅವತ್ತು?"

ಅವರು ದಬ್ಬಣವನ್ನು ಗಾದಿಗೆ ಚುಚ್ಚಿಟ್ಟರು. "ಸಾಕ್ ಅಂದ್ರು. ಒಮ್ಮೆ ಅಲ್ಲ, ಮೂರ ಸಲ. ಗಾಡಿ ಬಡದ ಬಡದ ಇಟ್ಟ್ರು. ನೀವ ಗ್ಲಾಸ ಏರಿಸಿಕೊಂಡ ಫೋನಿನ್ಯಾಗ ಮಾತಾಡಾಕತ್ತಿದ್ರಿ. ಕಡೀಕ ಅವರ ಈ ಕಟ್ಟೀ ಮ್ಯಾಲ ಜಿಗದ್ರು ನೋಡ್ರಿ, ಇಲ್ಲಾಂದ್ರ ಗಾಡಿಗೂ ದೋಣಿಗೂ ನಡಕ…" ಎಂದು ಎರಡು ಅಂಗೈಗಳನ್ನು ಒಂದಕ್ಕೊಂದು ಒತ್ತಿ ತೋರಿಸಿದರು.

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ಕಾಕಾನ ಸುಮ್ಮಿದ್ರು. ನಿಮ್ಮ ಮನೀ ಮಾತಿನ್ಯಾಗ ನಾ ಹೆಂಗ ಬಾಯಿ ಹಾಕ್ಲಿ ಸರ?"

ನಿಜ ಹೇಳುತ್ತೇನೆ, ಆಗಲೂ ನಾನು ನಂಬಲಿಲ್ಲ. ಸಾಬರಿಗೆ ಬೇರೆ ಯಾವುದೋ ದಿನ ನೆನಪಾಗಿರಬೇಕು, ಅವತ್ತು ಗಾಜು ಇಳಿದೇ ಇತ್ತು, ಫೋನು ಬಂದದ್ದು ಘಟಪ್ರಭಾ ದಾಟಿದ ಮೇಲೆ ಎಂದು ಮನಸ್ಸು ವಕೀಲಿಕೆ ಶುರುಮಾಡಿತು. ಮನೆಗೆ ಬಂದು ಫೋನು ತೆಗೆದು ಹಳೆಯ ಕರೆಗಳ ಪಟ್ಟಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದೆ. ಆ ದಿನ ಸಿಕ್ಕಿತು. ಬೆಳಿಗ್ಗೆ ಎಂಟು ಗಂಟೆ ಒಂದು ನಿಮಿಷಕ್ಕೆ ಪ್ರಾಂಶುಪಾಲರ ಕರೆ. ಮಾತನಾಡಿದ್ದು ಆರು ನಿಮಿಷ. ಏನು ಮಾತನಾಡಿದೆವೋ ಒಂದಕ್ಷರವೂ ನೆನಪಿಲ್ಲ. ಬೇರೆ ನೂರಾರು ಬೆಳಗುಗಳ "ಬರ್ಲಿ"ಯನ್ನು ತಂದು ನಾನು ಆ ಒಂದು ಬೆಳಗಿಗೆ ಅಂಟಿಸಿಕೊಂಡಿದ್ದೆ. ವಿದ್ಯಾರ್ಥಿಯೊಬ್ಬ ಹೀಗೆ ಮಾಡಿದ್ದರೆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ.

ಇನ್ನು ಹೇಳದೆ ವಿಧಿಯಿರಲಿಲ್ಲ. ಸಂತೆಗೆ ಹತ್ತು ದಿನ ಉಳಿದಿತ್ತು. ಕಾಕಾನೊಬ್ಬನ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಆರೋಪ ಹೊರಿಸಿದ್ದು ನಾಲ್ಕು ಮಂದಿಯ ಮುಂದೆ. ಮರುದಿನ ಸಂಜೆ ಕಟ್ಟೆಯ ಮೇಲೆ ಮಂದಿ ಸೇರಿದ್ದರು. ದಸ್ತಗೀರಸಾಬರು, ಕಾಕಾ, ಇನ್ನಿಬ್ಬರು ಮುದುಕರು. ಲಕ್ಕಪ್ಪ ಅಲ್ಲೇ ಟ್ರ್ಯಾಕ್ಟರು ತೊಳೆಯುತ್ತಿದ್ದ. ನಾನು ನಿಂತುಕೊಂಡೆ. ನಿಂತು ಮಾತನಾಡುವ ಚಟ.

"ನೆನಪು ಅನ್ನೂದು ನಾವು ತಿಳಕೊಂಡಂಗ ಪೆಟ್ಟಿಗ್ಯಾಗ ಇಟ್ಟ ಸಾಮಾನಲ್ಲ. ಪ್ರತಿ ಸಲ ತಗದಾಗೂ ನಾವದನ್ನ ಹೊಸದಾಗಿ…"

"ಏ ಸಿದ್ದೂ," ಎಂದ ಕಾಕಾ, "ಭಾಷಣ ಬಿಟ್ಟ ಏನ ಹೇಳೂದೈತಿ ಹೇಳು. ಎಲ್ಲಾರಿಗೂ ಊಟಕ್ಕ ಹೋಗೂದೈತಿ."

"ಅವತ್ತ ತಪ್ಪ ನಂದ" ಎಂದೆ. "ಕಾಕಾ ಸಾಕ್ ಅಂದಿದ್ದ. ನಾ ಫೋನಿನ್ಯಾಗಿದ್ದೆ. ಕೇಳಲಿಲ್ಲ. ಜಿಗೀಲಿಲ್ಲಂದ್ರ ಕಾಕಾನ್ನ ನಾನ…"

ಲಕ್ಕಪ್ಪನ ಕೈಯಲ್ಲಿದ್ದ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಅವನು ಅಪ್ಪನ ಕಡೆ ತಿರುಗಿದ. "ಖರೆ ಏನಪಾ? ಮತ್ತ ಯಾಕ ಸುಮ್ಮಿದ್ದಿ?"

"ಏನ ಹೇಳ್ಲಿ?" ಎಂದ ಕಾಕಾ. "ಇಂವ ಕಾಲೇಜಿನ್ಯಾಗ ಕಲಸಾವ. ನಾಲ್ಕ ಮಂದ್ಯಾಗ ಬಾಯಿ ತುಂಬ ಹೇಳಿಬಿಟ್ಟ. ಅಲ್ಲೆ ನಿಂತು ನೀ ಹೇಳೂದ ಸುಳ್ಳ ಅಂದ್ರ, ನಾಳೆ ಇವನ ಮಾತ ಯಾರ ಕೇಳ್ತಾರು? ನನಗೇನ, ಕುರಿ ಕಾಯಾಂವ."

"ಆ ಕುರೀನ ಹೋದುವಲ್ಲ ಕಾಕಾ!"

"ಅಷ್ಟ ದೂರ ಹೊಕ್ಕೈತಂತ ನನಗೇನ ಗೊತ್ತಿತ್ತು?" ಎಂದು ಕಾಕಾ ಮಗನ ಕಡೆ ಕೈ ತೋರಿಸಿದ. "ಇಂವ ಇಷ್ಟ ಶಾಣ್ಯಾ ಅದಾನಂತ ಗೊತ್ತಿರಲಿಲ್ಲ."

ಎಲ್ಲರಿಗಿಂತ ಮೊದಲು ನಕ್ಕವರು ದಸ್ತಗೀರಸಾಬರು. ಲಕ್ಕಪ್ಪನಿಗೂ ನಗು ಬಂತು, ಆದರೆ ಅವನು ಸುಲಭವಾಗಿ ಬಿಡುವವನಲ್ಲ. "ಗಾಡಿ ಮಾತ ಆತು. ಕಣ್ಣಿನ ಮಾತ? ಎಡಗಣ್ಣ ಬೆಳ್ಳಗಾಗೇತಿ, ನಾ ನೋಡೇನಿ. ಘಟಪ್ರಭಾದಾಗ ದವಾಖಾನಿಗೆ ತೋರಸೂಣು. ಆಮ್ಯಾಲ ಕುರಿ."

"ಮೊದಲ ಕುರಿ. ಆಮ್ಯಾಲ ಕಣ್ಣ" ಎಂದ ಕಾಕಾ.

ಅಪ್ಪ ಮಗ ಅರ್ಧ ಗಂಟೆ ಚೌಕಾಸಿ ಮಾಡಿದರು. ಕೊನೆಗೆ, ಬೆಳಿಗ್ಗೆ ದವಾಖಾನೆ, ಅದೇ ಸಂಜೆ ಕುರಿ ಕಾಕಾನ ಕೈಗೆ ವಾಪಸ್ ಎಂದಾಯಿತು. ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು, ದಂಡ ಅಂದುಕೊಳ್ಳಿ. ಎಡಗಣ್ಣಿಗೆ ಪೊರೆ ಬಂದಿದೆ, ಬಲಗಣ್ಣು ಗಟ್ಟಿಯಿದೆ ಎಂದರು ಡಾಕ್ಟರು. ಪೊರೆ ತೆಗೆಸಿದ್ದೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡ ಕಾಕಾ ಒಂದು ವಾರ ಊರ ತುಂಬ ಸಿನಿಮಾ ನಟನ ಗತ್ತಿನಲ್ಲಿ ಓಡಾಡಿ, ನನ್ನನ್ನು ಕಂಡಾಗ ಕನ್ನಡಕ ಎತ್ತಿ, "ಏನೋ ಸಿದ್ದೂ, ನಿನ್ನ ತೆಲಿ ಹಿಂದ ಇಷ್ಟ ಬೋಳಾಗಿದ್ದು ಯಾವಾಗೋ?" ಎಂದು ಕೇಳಿದ.

ಕುರಿಗಳು ಸಂತೆಗೆ ಹೋಗಲಿಲ್ಲ.

ಮೊನ್ನೆ ಭಾನುವಾರ ಸಂಜೆ ಮೂಡಲಗಿಗೆ ಹೊರಟಿದ್ದೆ. ಕೆನಾಲಿನ ಏರಿಯ ರಸ್ತೆ, ಒಂದು ಕಡೆ ನೀರು, ಇನ್ನೊಂದು ಕಡೆ ಒತ್ತಾಗಿ ಬೆಳೆದ ಕಬ್ಬು. ತಿರುವಿನಾಚೆಯಿಂದ ಕಾಕಾನ ಹಿಂಡು ಎದುರಾಯಿತು. ಎಂದಿನ ಹಾಗೆ ಗಾಡಿ ನಿಲ್ಲಿಸಿ, ಅವು ಎರಡೂ ಬದಿಯಿಂದ ಹರಿದುಹೋಗಲಿ ಎಂದು ಕುಳಿತೆ. ಆದರೆ ಅಲ್ಲಿ ಗಾಡಿಯ ಮಗ್ಗುಲಿಗೆ ಜಾಗವಿರಲಿಲ್ಲ. ನುಗ್ಗಿದರೆ ಮರಿಗಳು ನೀರಿನ ಕಡೆ ಜಾರುತ್ತವೆ. ಕಾಕಾ ಮುಂದೆ ಬಂದು, ಬಡಿಗೆ ಅಡ್ಡ ಹಿಡಿದು ಹಿಂಡನ್ನು ತಡೆದ. ಆಮೇಲೆ ನನ್ನ ಕಡೆ ಕೈಬೀಸಿದ: ಹಿಂದ ತಗೋ.

ಹಿಂದಿನ ಗೇರು ಹಾಕಿ ಕನ್ನಡಿಯಲ್ಲಿ ಕಣ್ಣಿಟ್ಟೆ. ಬಂಪರಿನ ಹಿಂದೆ ಮಣ್ಣಿನ ರಸ್ತೆ ಎರಡೆರಡು ಮೊಳವಾಗಿ ಬಿಚ್ಚಿಕೊಳ್ಳುತ್ತ ಬಂತು. ಎದುರಿಗೆ, ಗಾಜಿನಾಚೆ, ಕಾಕಾ ಸಾವಕಾಶವಾಗಿ ಮುಂದಕ್ಕೆ ನಡೆಯುತ್ತಿದ್ದ, ಅವನ ಹಿಂದೆ ನಲವತ್ತು ಕುರಿ. ಅವನ ನಾಲಿಗೆ ಟ್ರ್ರ್ ಎನ್ನುತ್ತಿತ್ತು. ಅದು ಕುರಿಗಳಿಗೋ ನನಗೋ ತಿಳಿಯಲಿಲ್ಲ. ಅವು ಮುಂದಕ್ಕೆ ಬಂದವು, ನಾನು ಹಿಂದಕ್ಕೆ ಹೋದೆ. ಹೀಗೆ ಎಷ್ಟು ದೂರ ಹೋದೆ ಎಂದು ಕೇಳಬೇಡಿ. ಬಹಳ ದೂರ ಎಂದು ನನ್ನ ನೆನಪು ಹೇಳುತ್ತದೆ. ಖಚಿತ ಬೇಕಾದರೆ ಕಾಕಾನನ್ನು ಕೇಳಿ.